ಕ್ಯಾಮ್‌ಶಾಫ್ಟ್, ಕ್ರ್ಯಾಂಕ್‌ಶಾಫ್ಟ್ ಟೈಮಿಂಗ್ ಗುರುತು ಕೂಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್‌ಶಾಫ್ಟನ್ನೂ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನೂ ಜೊತೆಗೂಡಿಸುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದನ್ನು ಹಾಕುವಾಗ ಗುರುತು ಕೂಡಿಸುವುದು ಅರ್ಧ ಕೆಲಸ. ಬೆಲ್ಟ್ ಬಿಗಿಯಾದ ಮೇಲೂ ಗುರುತುಗಳು ಅಲ್ಲೇ ನಿಂತಿವೆಯೇ ಎಂದು ನೋಡುವುದು ಉಳಿದರ್ಧ. ಮೊದಲರ್ಧವನ್ನು ಎಲ್ಲರೂ ಮಾಡುತ್ತಾರೆ, ಎಂಜಿನ್ ಕೆಡುವುದು ಎರಡನೆಯದನ್ನು ಬಿಟ್ಟಾಗ. ಚುಕ್ಕಿ ನೋಡಿ ಬೆಲ್ಟ್ ಕೂರಿಸಿರುತ್ತೀರಿ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬಿಟ್ಟ ಕೂಡಲೇ ಎಲ್ಲೋ ಅಡಗಿದ್ದ ಜೋಲನ್ನು ಅದು ಎಳೆದುಕೊಳ್ಳುತ್ತದೆ, ಕ್ಯಾಮ್ ಒಂದು ಹಲ್ಲು ಸರಿಯುತ್ತದೆ. ಕವರ್ ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಹೇಳುವ ಕ್ರಮ ಬೆಲ್ಟ್ ಇರುವ ಇನ್‌ಲೈನ್ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಎದುರಿಗಿಟ್ಟುಕೊಂಡದ್ದು. ಚೈನ್ ಇರುವ ಎಂಜಿನ್‌ಗಳ ಮಾತು ಕೊನೆಯ ಭಾಗದಲ್ಲಿದೆ. ನಿಮ್ಮ ಎಂಜಿನ್‌ನ ಗುರುತು ಎಲ್ಲಿದೆ, ಯಾವ ಬೋಲ್ಟ್‌ಗೆ ಎಷ್ಟು ಟಾರ್ಕ್ ಎಂಬ ಎರಡು ವಿಷಯಕ್ಕೆ ಆ ಎಂಜಿನ್‌ನ ವರ್ಕ್‌ಶಾಪ್ ಕೈಪಿಡಿಯೇ ಬೇಕು. ಅಂದಾಜು ಅಲ್ಲಿ ನಡೆಯುವುದಿಲ್ಲ.

ಒಂದು ಹಲ್ಲು ಎಂದರೆ ಎಷ್ಟು?

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದು ಸುತ್ತು ಹೋಗುತ್ತದೆ. ಅದಕ್ಕೇ ಕ್ಯಾಮ್ ಸ್ಪ್ರಾಕೆಟ್‌ಗೆ, ಅಂದರೆ ಬೆಲ್ಟ್ ಕೂರುವ ಹಲ್ಲುಚಕ್ರಕ್ಕೆ, ಎರಡರಷ್ಟು ಹಲ್ಲು: ಕ್ರ್ಯಾಂಕ್‌ಗೆ 24 ಇದ್ದರೆ ಕ್ಯಾಮ್‌ಗೆ 48, ಕ್ರ್ಯಾಂಕ್‌ಗೆ 20 ಇದ್ದರೆ ಕ್ಯಾಮ್‌ಗೆ 40. 48 ಹಲ್ಲಿನ ಕ್ಯಾಮ್‌ನಲ್ಲಿ ಒಂದು ಹಲ್ಲು ತಪ್ಪಿದರೆ ಕ್ಯಾಮ್ 7.5 ಡಿಗ್ರಿ ಆಚೀಚೆಯಾಯಿತು, ಕ್ರ್ಯಾಂಕ್ ಲೆಕ್ಕದಲ್ಲಿ 15 ಡಿಗ್ರಿ. 40 ಹಲ್ಲಿನದಾದರೆ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18. ವಾಲ್ವ್ ತೆರೆಯುವ, ಮುಚ್ಚುವ ಹೊತ್ತು ಇಷ್ಟು ಸರಿದರೆ ಎಂಜಿನ್ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ, ಆದರೆ ಐಡಲ್ ಕುಂಟುತ್ತದೆ, ಎಳೆತ ಸಾಯುತ್ತದೆ.

ಎರಡು ಮೂರು ಹಲ್ಲು ತಪ್ಪಿದರೆ ಕಥೆ ಬೇರೆ. ಪಿಸ್ಟನ್ ಮೇಲೆ ಬರುವ ಜಾಗಕ್ಕೇ ತೆರೆದ ವಾಲ್ವ್ ಇಳಿಯುವಂತೆ ಕಟ್ಟಿದ ಎಂಜಿನ್‌ಗಳಿಗೆ ಇಂಟರ್‌ಫಿಯರೆನ್ಸ್ ಎಂಜಿನ್ ಎನ್ನುತ್ತಾರೆ. ಅವುಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ವಾಲ್ವ್ ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಡೀಸೆಲ್ ಎಂಜಿನ್‌ಗಳನ್ನಂತೂ ಹಾಗೆಯೇ ಎಂದುಕೊಂಡು ಕೆಲಸ ಮಾಡುವುದು ಒಳ್ಳೆಯದು. ನಿಮ್ಮ ಎಂಜಿನ್ ಯಾವ ಬಗೆ ಎಂದು ಗೊತ್ತಿಲ್ಲದಿದ್ದರೆ ಇಂಟರ್‌ಫಿಯರೆನ್ಸ್ ಎಂದೇ ಇಟ್ಟುಕೊಳ್ಳಿ.

ಯಾವ ಗುರುತು ನಂಬಬೇಕು, ಯಾವುದನ್ನು ನಂಬಬಾರದು

ಎಂಜಿನ್ ಮುಂದೆ ಕೂತರೆ ಒಂದಲ್ಲ, ನಾಲ್ಕೈದು ಗುರುತು ಕಾಣುತ್ತವೆ. ಎಲ್ಲವೂ ಬೆಲ್ಟ್ ಹಾಕಲಿಕ್ಕೆ ಇರುವುದಲ್ಲ.

ಹೊರಗೆ ಕಾಣುವ ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು, ಅದರ ಎದುರಿಗೆ ಕವರಿನ ಮೇಲೆ 0, 5, 10 ಎಂದು ಅಳತೆಗೆರೆ ಇರುವುದುಂಟು. ಅದು ಇಗ್ನಿಷನ್ ಟೈಮಿಂಗ್ ನೋಡಲು ಇಟ್ಟದ್ದು. ಅದರ 0 ಗೆರೆ ಟಿಡಿಸಿ, ಅಂದರೆ ಪಿಸ್ಟನ್ ತೀರ ಮೇಲಿರುವ ಸ್ಥಾನ. 10ರ ಗೆರೆಗೆ ಕಚ್ಚು ಕೂಡಿಸಿ ಬೆಲ್ಟ್ ಹಾಕಿದವರು ಬಹಳ ಮಂದಿ. ಪುಲ್ಲಿಯಲ್ಲೇ ಎರಡು ಕಚ್ಚು ಇದ್ದರೆ ಗೊಂದಲ ಇನ್ನೂ ಹೆಚ್ಚು. ಇನ್ನೊಂದು ಮೋಸವೂ ಇಲ್ಲಿದೆ: ಹಲವು ಪುಲ್ಲಿಗಳು ಒಳಗೊಂದು, ಹೊರಗೊಂದು ಬಳೆಯಾಗಿದ್ದು, ನಡುವೆ ರಬ್ಬರ್ ಇರುತ್ತದೆ. ರಬ್ಬರ್ ಹಳತಾಗಿ ಬಿಟ್ಟುಕೊಂಡರೆ ಹೊರಬಳೆ ಜಾರುತ್ತದೆ, ಅದರ ಮೇಲಿನ ಕಚ್ಚೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಪುಲ್ಲಿಯ ಗುರುತು ಹತ್ತಿರಕ್ಕೆ ತರಲು ಮಾತ್ರ. ಬೆಲ್ಟ್ ಹಾಕುವಾಗ ನೋಡಬೇಕಾದದ್ದು ಪುಲ್ಲಿ ಬಿಚ್ಚಿದ ಮೇಲೆ ಕಾಣುವ ಕ್ರ್ಯಾಂಕ್ ಸ್ಪ್ರಾಕೆಟ್‌ನ ಚುಕ್ಕಿ. ಅದು ಸಾಮಾನ್ಯವಾಗಿ ಆಯಿಲ್ ಪಂಪ್ ಹೌಸಿಂಗ್ ಮೇಲಿನ ಬಾಣದ ಗುರುತಿಗೋ ಉಬ್ಬುಗೆರೆಗೋ ಕೂಡುತ್ತದೆ. ಎಣ್ಣೆ, ಧೂಳು ಮೆತ್ತಿಕೊಂಡು ಮುಚ್ಚಿಹೋಗಿರುತ್ತದೆ. ಬಟ್ಟೆಯಿಂದ ಒರೆಸಿ, ಉಗುರಿನಿಂದ ತಡವಿ ಹುಡುಕಿ.

ಕ್ಯಾಮ್ ಸ್ಪ್ರಾಕೆಟ್ ಮೇಲೂ ಒಂದಕ್ಕಿಂತ ಹೆಚ್ಚು ಗುರುತು ಇರಬಹುದು. ಒಂದೇ ಸ್ಪ್ರಾಕೆಟ್ಟನ್ನು ಎರಡು ಮೂರು ಬಗೆಯ ಎಂಜಿನ್‌ಗೆ ಬಳಸುತ್ತಾರೆ, ಒಂದೊಂದಕ್ಕೆ ಒಂದೊಂದು ಗುರುತು. ಯಾವುದು ನಿಮ್ಮದು ಎಂಬುದನ್ನು ಕೈಪಿಡಿಯ ಚಿತ್ರ ಹೇಳಬೇಕು. ಎರಡು ಕ್ಯಾಮ್ ಇರುವ ಎಂಜಿನ್‌ಗಳಲ್ಲಿ ಕೆಲವು ಕಡೆ ಎರಡೂ ಸ್ಪ್ರಾಕೆಟ್‌ನ ಗುರುತು ಒಂದನ್ನೊಂದು ಎದುರಿಸಿ ಹೆಡ್‌ನ ಮೇಲ್ಮೈಗೆ ಸಮವಾಗಿ ನಿಲ್ಲುತ್ತವೆ, ಕೆಲವು ಕಡೆ ಎರಡೂ ಮೇಲ್ಮುಖವಾಗಿ ಹಿಂದಿನ ಕವರಿನ ಕಚ್ಚಿಗೆ ಕೂಡುತ್ತವೆ.

ಗುರುತು ನೋಡುವ ಕಣ್ಣು ಸ್ಪ್ರಾಕೆಟ್‌ಗೆ ನೇರವಾಗಿರಬೇಕು. ಮೇಲಿನಿಂದ ಓರೆಯಾಗಿ ಇಣುಕಿದರೆ ಸರಿಯಿರುವ ಗುರುತೂ ಅರ್ಧ ಹಲ್ಲು ತಪ್ಪಿದಂತೆ ಕಾಣುತ್ತದೆ. ಕಾರಿನ ಪಕ್ಕದ ಇಕ್ಕಟ್ಟಿನಲ್ಲಿ ತಲೆ ತೂರುವುದಿಲ್ಲ ಎಂದಾದರೆ ಫೋನನ್ನು ಸ್ಪ್ರಾಕೆಟ್‌ನ ನಡುಬೋಲ್ಟಿಗೆ ನೇರ ಹಿಡಿದು ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿ. ಕನ್ನಡಿಯಲ್ಲಿ ನೋಡಿದರೆ ಎಡಬಲ ತಿರುಗಿ ಕಾಣುವುದರಿಂದ ತಪ್ಪು ಸುಲಭ.

ಬೇಕಾಗುವ ಸಾಮಾನು

ಸಾಕೆಟ್ ಸೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ವ್ರೆಂಚ್, ಕ್ರ್ಯಾಂಕ್ ಪುಲ್ಲಿ ಅಲುಗದಂತೆ ಹಿಡಿಯುವ ಟೂಲ್, ನಿಮ್ಮ ಎಂಜಿನ್‌ಗೆ ಹೇಳಿದ, ಶಾಫ್ಟ್‌ಗಳನ್ನು ಗುರುತಿನ ಸ್ಥಾನದಲ್ಲಿ ನಿಲ್ಲಿಸುವ ಕ್ಯಾಮ್ ಲಾಕ್ ಮತ್ತು ಕ್ರ್ಯಾಂಕ್ ಪಿನ್, ಬಿಳಿ ಪೇಂಟ್ ಮಾರ್ಕರ್, ಒಳ್ಳೆಯ ಟಾರ್ಚ್, ಕಾಗದ ಹಿಡಿಯುವ ಕ್ಲಿಪ್ ನಾಲ್ಕು, ಒಂದು ಉದ್ದನೆಯ ಪ್ಲಾಸ್ಟಿಕ್ ಸ್ಟ್ರಾ ಅಥವಾ ತೆಳು ಮರದ ಕಡ್ಡಿ. ಬೆಲ್ಟ್ ಜೊತೆಗೆ ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ತೋರುವ ಉರುಳೆ) ಬೇರಿಂಗ್‌ಗಳನ್ನೂ ಹೊಸದಾಗಿ ಹಾಕಿ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುತ್ತಿದ್ದರೆ ಅದನ್ನೂ. ಹೊಸ ಬೆಲ್ಟಿಗೆ ಹಳೆಯ ಬೇರಿಂಗ್ ಕೊಟ್ಟು ಉಳಿಸಿದ್ದು, ಬೇರಿಂಗ್ ಸಿಕ್ಕಿಬಿದ್ದು ಬೆಲ್ಟ್ ಕಿತ್ತ ದಿನ ಹತ್ತರಷ್ಟಾಗಿ ಹೋಗುತ್ತದೆ. ಒಮ್ಮೆ ಮಾತ್ರ ಬಳಸಬೇಕಾದ ಬೋಲ್ಟ್‌ಗಳಿದ್ದರೆ, ಅಂದರೆ ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಕೈಪಿಡಿ ಹೇಳುವಂಥವು, ಹೊಸವನ್ನೇ ತನ್ನಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೆಲ್ಟಿನ ಬಿಗಿ ನಿಗದಿಯಾಗಿರುವುದು ತಣ್ಣನೆಯ ಎಂಜಿನ್‌ಗೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಬೆಲ್ಟ್ ಬದಿಯ ಎಂಜಿನ್ ಮೌಂಟ್ ತೆಗೆಯಬೇಕಾಗಿ ಬಂದರೆ ಆಯಿಲ್ ಪ್ಯಾನ್ ಕೆಳಗೆ ಮರದ ಹಲಗೆ ಇಟ್ಟು ಎಂಜಿನ್ನಿನ ಭಾರ ಹೊರಿಸಿ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ತೆಗೆದುಬಿಡಿ. ಕಂಪ್ರೆಷನ್ ಇಲ್ಲದಿದ್ದರೆ ಕ್ರ್ಯಾಂಕ್ ಬೆಣ್ಣೆಯಂತೆ ತಿರುಗುತ್ತದೆ, ನೀವು ನಿಲ್ಲಿಸಿದಲ್ಲಿ ನಿಲ್ಲುತ್ತದೆ.

ಒಂದನೇ ಸಿಲಿಂಡರನ್ನು ಟಿಡಿಸಿಗೆ ತರುವುದು

ಒಂದನೇ ಸಿಲಿಂಡರ್ ಎಂದರೆ ಬಹುತೇಕ ಎಂಜಿನ್‌ಗಳಲ್ಲಿ ಬೆಲ್ಟ್ ಬದಿಯದು. ಎಂಜಿನ್ ತಿರುಗಿಸುವುದು ಕ್ರ್ಯಾಂಕ್ ಬೋಲ್ಟಿನಿಂದ ಮಾತ್ರ. ಕ್ಯಾಮ್ ಬೋಲ್ಟಿಗೆ ಪಾನಾ ಕೊಟ್ಟು ಎಂಜಿನ್ ತಿರುಗಿಸಿದರೆ ಬೆಲ್ಟಿನ ಜೋಲು ಬದಿ ಎಳೆಯುವ ಬದಿಯಾಗಿ ಹಲ್ಲು ಜಿಗಿಯಬಹುದು. ದಿಕ್ಕು, ಪುಲ್ಲಿಯ ಕಡೆಯಿಂದ ನೋಡಿದಾಗ, ಗಡಿಯಾರದ ಮುಳ್ಳಿನದು. ಇದಕ್ಕೆ ಹೆಸರಾದ ಅಪವಾದ ಹೋಂಡಾದ ಹಳೆಯ ಬಿ, ಡಿ ಸರಣಿಯ ಎಂಜಿನ್‌ಗಳು, ಅವು ಎಡಸುತ್ತು ತಿರುಗುತ್ತವೆ. ಗುರುತು ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ, ಇನ್ನೂ ಎರಡು ಸುತ್ತು ಮುಂದೆ ಹೋಗಿ ಮತ್ತೆ ಬನ್ನಿ. ಬೇಜಾರಿನ ಕೆಲಸ, ಆದರೆ ಅದೇ ಸರಿ.

ಟಿಡಿಸಿ ಎರಡು ಬಾರಿ ಬರುತ್ತದೆ: ಒಮ್ಮೆ ಕಂಪ್ರೆಷನ್ ಮುಗಿದಾಗ, ಇನ್ನೊಮ್ಮೆ ಎಕ್ಸಾಸ್ಟ್ ಮುಗಿದು ಇನ್‌ಟೇಕ್ ಶುರುವಾಗುವಾಗ. ಕೈಪಿಡಿ ಕೇಳುವುದು ಸಾಮಾನ್ಯವಾಗಿ ಮೊದಲನೆಯದನ್ನು. ಗೊತ್ತುಮಾಡಿಕೊಳ್ಳಲು ಒಂದನೇ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಬ್ಬರಿಂದ ಕ್ರ್ಯಾಂಕ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿಕೊಂಡು ಬಂದರೆ ಕಂಪ್ರೆಷನ್. ವಾಲ್ವ್ ಕವರ್ ತೆರೆದಿದ್ದರೆ ಇನ್ನೂ ಸುಲಭ. ಕ್ಯಾಮ್ ನೇರವಾಗಿ ಟ್ಯಾಪೆಟ್ (ವಾಲ್ವ್ ತಲೆಯ ಮೇಲಿನ ಬಟ್ಟಲು) ಒತ್ತುವ ಎಂಜಿನ್‌ನಲ್ಲಿ ಒಂದನೇ ಸಿಲಿಂಡರಿನ ಎರಡೂ ಲೋಬ್‌ಗಳ (ವಾಲ್ವ್ ಒತ್ತುವ ಕ್ಯಾಮಿನ ಉಬ್ಬುಗಳ) ಮೂಗು ಮೇಲ್ಮುಖವಾಗಿ, ಸುಮಾರಾಗಿ ಗಡಿಯಾರದ 10 ಮತ್ತು 2ರ ಕಡೆ ನೋಡುತ್ತಿರುತ್ತದೆ, ಟ್ಯಾಪೆಟ್‌ಗಳ ಮೇಲೆ ಒತ್ತಡವಿರುವುದಿಲ್ಲ. ಅದೇ ಹೊತ್ತಿಗೆ ನಾಲ್ಕನೇ ಸಿಲಿಂಡರಿನ ಲೋಬ್‌ಗಳು ಕೆಳಕ್ಕೆ ಓರೆಯಾಗಿ ಎರಡೂ ವಾಲ್ವ್‌ಗಳನ್ನು ತುಸು ತುಸುವೇ ಒತ್ತಿರುತ್ತವೆ. ಕ್ರ್ಯಾಂಕನ್ನು ಕೂದಲೆಳೆಯಷ್ಟು ಅಲ್ಲಾಡಿಸಿದರೆ ಒಂದು ಏರಿ ಇನ್ನೊಂದು ಇಳಿಯುವುದು ಅಲ್ಲಿ ಕಾಣುತ್ತದೆ. 1-3-4-2 ಕ್ರಮದಲ್ಲಿ ಉರಿಯುವ ಎಂಜಿನ್‌ಗಳಲ್ಲಿ ಈ ಪರೀಕ್ಷೆ ಎಂದೂ ಸುಳ್ಳು ಹೇಳುವುದಿಲ್ಲ. ಒಂದನೇ ಸಿಲಿಂಡರಿನ ಲೋಬ್‌ಗಳು ಪರಸ್ಪರ ಹೊರಮುಖವಾಗಿರುತ್ತವೆ ಎಂದು ಹೇಳುವುದನ್ನು ಕೇಳಿರಬಹುದು. ಅದು ಹೆಡ್‌ನಲ್ಲಿ ಇನ್‌ಟೇಕ್ ಕ್ಯಾಮ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದರ ಮೇಲೆ ಹೋಗುತ್ತದೆ, ಎಲ್ಲ ಎಂಜಿನ್‌ಗೂ ಸಲ್ಲುವ ಮಾತಲ್ಲ.

ಪ್ಲಗ್ ತೂತಿನಲ್ಲಿ ಸ್ಟ್ರಾ ಇಳಿಸಿ ಪಿಸ್ಟನ್ ಏರುವುದನ್ನು ನೋಡುವುದು ಒಳ್ಳೆಯ ಅಭ್ಯಾಸ, ಆದರೆ ಅದರ ಮಿತಿ ತಿಳಿದಿರಲಿ. ಸ್ಟ್ರೋಕ್ 80 ಮಿ.ಮೀ., ಕನೆಕ್ಟಿಂಗ್ ರಾಡ್ 130 ಮಿ.ಮೀ. ಇರುವ ಎಂಜಿನ್‌ನಲ್ಲಿ ಟಿಡಿಸಿಯಿಂದ 5 ಡಿಗ್ರಿ ಆಚೆ ಪಿಸ್ಟನ್ ಇಳಿಯುವುದು 0.2 ಮಿ.ಮೀ. ಮಾತ್ರ. 10 ಡಿಗ್ರಿಗೆ 0.8 ಮಿ.ಮೀ. ಕಣ್ಣಿಗೆ ಸ್ಟ್ರಾ ನಿಂತೇ ಇದೆ ಎನಿಸುವಾಗ ಕ್ರ್ಯಾಂಕ್ ಅರ್ಧ ಹಲ್ಲಿಗೂ ಹೆಚ್ಚು ಓಡಿರುತ್ತದೆ. ಸ್ಟ್ರಾ ಹೇಳುವುದು ಪಿಸ್ಟನ್ ಮೇಲಿದೆಯೋ ಕೆಳಗಿದೆಯೋ ಎಂಬುದನ್ನಷ್ಟೇ. ನಿಖರ ಸ್ಥಾನ ಹೇಳುವುದು ಸ್ಪ್ರಾಕೆಟ್ ಚುಕ್ಕಿ ಅಥವಾ ಕ್ರ್ಯಾಂಕ್ ಪಿನ್. ಸ್ಟ್ರಾ ಬದಲು ಸ್ಕ್ರೂಡ್ರೈವರ್ ಇಳಿಸಬೇಡಿ, ಓರೆಯಾದ ಪ್ಲಗ್ ತೂತಿನಲ್ಲಿ ಅದು ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಕ್ರ್ಯಾಂಕ್ ಗುರುತು ಕೂಡಿದೆ, ಕ್ಯಾಮ್ ಗುರುತು ಮಾತ್ರ ತಲೆಕೆಳಗಾಗಿದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಬೆಲ್ಟ್ ಇನ್ನೂ ಇದ್ದರೆ ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿ, ಕ್ಯಾಮ್ ಮೇಲೆ ಬರುತ್ತದೆ. ಒಂದೇ ಕ್ಯಾಮ್ ಇರುವ ಎಂಜಿನ್‌ನಲ್ಲಿ ಹಾಗೆಯೇ ಬೆಲ್ಟ್ ಹಾಕಿದರೂ ವಾಲ್ವ್ ಟೈಮಿಂಗ್ ತಪ್ಪುವುದಿಲ್ಲ, ಏಕೆಂದರೆ ಕ್ಯಾಮಿನ ಅರ್ಧ ಸುತ್ತು ಎಂದರೆ ಕ್ರ್ಯಾಂಕಿನ ಸರಿಯಾಗಿ ಒಂದು ಸುತ್ತು. ಅಪಾಯ ಇರುವುದು ಎರಡು ಕ್ಯಾಮ್‌ಗಳಲ್ಲಿ ಒಂದು ಮಾತ್ರ ತಲೆಕೆಳಗಾದಾಗ, ಅಥವಾ ಬೇರೆ ಶಾಫ್ಟ್‌ನಿಂದ ತಿರುಗುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ), ಡೀಸೆಲ್ ಪಂಪ್ ಇದ್ದಾಗ.

ಬಿಚ್ಚುವ ಮೊದಲು

ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಎಂಜಿನ್‌ನಲ್ಲೇ ಅತಿ ಬಿಗಿಯಾದವುಗಳಲ್ಲಿ ಒಂದು. ಸ್ಪ್ರಾಕೆಟ್‌ಗೆ ಕೀ (ಅದು ಶಾಫ್ಟ್ ಮೇಲೆ ಜಾರದಂತೆ ತಡೆಯುವ ಲೋಹದ ತುಂಡು) ಇರುವ ಎಂಜಿನ್ ಆದರೆ ಟಿಡಿಸಿ ಹುಡುಕುವುದಕ್ಕೆ ಮುಂಚೆಯೇ, ಪುಲ್ಲಿ ಹಿಡಿಯುವ ಟೂಲ್ ಹಾಕಿ, ಅದನ್ನು ಒಮ್ಮೆ ಸಡಿಲಿಸಿ ಮತ್ತೆ ಹಗುರವಾಗಿ ಬಿಗಿ ಮಾಡಿಟ್ಟುಕೊಳ್ಳಿ. ಟಿಡಿಸಿಯಲ್ಲಿ ನಿಲ್ಲಿಸಿದ ಮೇಲೆ ಬಲ ಹಾಕಿದರೆ ಕ್ರ್ಯಾಂಕ್ ಹಿಂದಕ್ಕೆ ಜಗ್ಗಿ, ಮಾಡಿದ್ದೆಲ್ಲ ಕೆಡುತ್ತದೆ. ಕ್ಯಾಮ್ ಲಾಕ್, ಕ್ರ್ಯಾಂಕ್ ಪಿನ್ ಇವು ಸ್ಥಾನ ತೋರಿಸಲು ಇರುವ ಸಾಧನ, ಬೋಲ್ಟ್ ಬಿಚ್ಚುವಾಗ ತಡೆ ಹಿಡಿಯಲು ಅಲ್ಲ. ಪಿನ್ ಮುರಿದು ಬ್ಲಾಕ್ ಒಳಗೆ ಉಳಿದ ಎಂಜಿನ್‌ಗಳೆಲ್ಲ ಈ ತಪ್ಪಿನವು.

ಕವರ್ ತೆಗೆದು ಗುರುತುಗಳನ್ನು ಕೂಡಿಸಿ ನಿಲ್ಲಿಸಿದ ಮೇಲೆ, ಹಳೆಯ ಬೆಲ್ಟ್ ಇರುವಾಗಲೇ ನೋಡಿ: ಎಲ್ಲ ಗುರುತೂ ಸರಿಯಾಗಿ ಕೂಡಿವೆಯೇ? ಕೂಡಿದ್ದರೆ ಪ್ರತಿ ಸ್ಪ್ರಾಕೆಟ್‌ನ ಒಂದು ಹಲ್ಲು, ಅದರ ಎದುರಿನ ಬೆಲ್ಟ್ ಬೆನ್ನು, ಪಕ್ಕದ ಹೌಸಿಂಗ್, ಈ ಮೂರಕ್ಕೂ ಸೇರಿ ಬಿಳಿ ಗೆರೆ ಎಳೆಯಿರಿ. ಕ್ರ್ಯಾಂಕ್ ಗೆರೆಯಿಂದ ಕ್ಯಾಮ್ ಗೆರೆಯವರೆಗೆ ಬೆಲ್ಟಿನ ಹಲ್ಲು ಎಣಿಸಿ ಬರೆದಿಡಿ. ಹೊಸ ಬೆಲ್ಟಿನಲ್ಲಿ ಅಷ್ಟೇ ಎಣಿಸಿದರೆ ಗುರುತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು. ಹಳೆಯ ಬೆಲ್ಟಿನಲ್ಲೇ ಒಂದು ಹಲ್ಲು ತಪ್ಪಿದ್ದರೆ ನಿಮ್ಮ ಬಿಳಿ ಗೆರೆ ತಪ್ಪನ್ನೇ ನಕಲು ಮಾಡುತ್ತದೆ, ಆಗ ಕಾರ್ಖಾನೆಯ ಗುರುತು ಮಾತ್ರ ಲೆಕ್ಕಕ್ಕೆ.

ಟೆನ್ಷನರ್ ಸಡಿಲಿಸಿ ಬೆಲ್ಟ್ ಜಾರಿಸುವಾಗ ಕೈ ಹುಷಾರು. ವಾಲ್ವ್ ಸ್ಪ್ರಿಂಗ್‌ಗಳ ಒತ್ತಡಕ್ಕೆ ಕ್ಯಾಮ್ ಟಕ್ಕನೆ ತಿರುಗುವುದುಂಟು. ವಿ6 ಎಂಜಿನ್‌ಗಳಲ್ಲಿ ಇದು ಹೆಚ್ಚು. ಲಾಕ್ ಟೂಲ್ ಇದ್ದರೆ ಈಗಲೇ ಹಾಕಿ. ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಕೈಬಂದಂತೆ ತಿರುಗಿಸುವ ಹಾಗಿಲ್ಲ.

ಬೆಲ್ಟ್ ಕಿತ್ತುಹೋಗಿದ್ದರೆ, ಕ್ಯಾಮ್ ತಿರುಗಿಹೋಗಿದ್ದರೆ

ಇಲ್ಲಿ ಆತುರಪಟ್ಟರೆ ಉಳಿದಿದ್ದ ವಾಲ್ವ್‌ಗಳೂ ಹೋಗುತ್ತವೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ 1 ಮತ್ತು 4 ಜೊತೆಗೆ ಏರುತ್ತವೆ, 2 ಮತ್ತು 3 ಜೊತೆಗೆ. ಕ್ರ್ಯಾಂಕ್ ಟಿಡಿಸಿಯಿಂದ ಕಾಲು ಸುತ್ತು, ಅಂದರೆ 90 ಡಿಗ್ರಿ ಆಚೆ ಇದ್ದಾಗ ನಾಲ್ಕೂ ಪಿಸ್ಟನ್ ನಡುಮಟ್ಟದಲ್ಲಿರುತ್ತವೆ, ಯಾವ ವಾಲ್ವಿಗೂ ತಾಗುವುದಿಲ್ಲ. ಆದ್ದರಿಂದ ಕ್ರಮ ಹೀಗೆ: ಮೊದಲು ಕ್ರ್ಯಾಂಕನ್ನು, ತಡೆ ಬಂದರೆ ನಿಲ್ಲಿಸುತ್ತ, ನಿಧಾನವಾಗಿ ಆ ಕಾಲು ಸುತ್ತಿನ ಜಾಗಕ್ಕೆ ತನ್ನಿ. ಆಮೇಲೆ ಕ್ಯಾಮ್‌ಗಳನ್ನು ಅವುಗಳ ಮೈಮೇಲಿನ ಆರು ಮೂಲೆಯ ಭಾಗಕ್ಕೆ ಪಾನಾ ಕೊಟ್ಟು ಗುರುತಿಗೆ ತಿರುಗಿಸಿ ಲಾಕ್ ಮಾಡಿ. ಎರಡು ಕ್ಯಾಮ್‌ಗಳ ವಾಲ್ವ್‌ಗಳೇ ಒಂದಕ್ಕೊಂದು ತಾಗುವ ಎಂಜಿನ್‌ಗಳೂ ಇವೆ, ಬಿಗಿ ಎನಿಸಿದರೆ ಇನ್ನೊಂದು ಕ್ಯಾಮನ್ನು ತುಸು ಸರಿಸಿ ನೋಡಿ. ಕೊನೆಗೆ ಕ್ರ್ಯಾಂಕನ್ನು ಹತ್ತಿರದ ದಾರಿಯಲ್ಲಿ ಟಿಡಿಸಿ ಗುರುತಿಗೆ ತನ್ನಿ. ಬೆಲ್ಟ್ ಇಲ್ಲದಿರುವಾಗ ಹಿಂದಕ್ಕೆ ತಿರುಗಿಸಲು ಅಡ್ಡಿಯಿಲ್ಲ.

ಓಡುತ್ತಿರುವಾಗ ಬೆಲ್ಟ್ ಕಿತ್ತ ಎಂಜಿನ್ ಆದರೆ ಬೆಲ್ಟ್ ಹಾಕಿದ ಮೇಲೆ, ಉಳಿದದ್ದನ್ನೆಲ್ಲ ಜೋಡಿಸುವ ಮುಂಚೆ, ಕಂಪ್ರೆಷನ್ ಅಥವಾ ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ) ಪರೀಕ್ಷೆ ಮಾಡಿ. ವಾಲ್ವ್ ಬಾಗಿದ್ದು ಆಗಲೇ ತಿಳಿಯುತ್ತದೆ.

ಬೆಲ್ಟ್ ಕೂರಿಸುವುದು: ಬಿಗಿ ಬದಿ ಮೊದಲು

ಇಡೀ ಕೆಲಸದ ಗುಟ್ಟು ಇಲ್ಲಿದೆ. ಕ್ರ್ಯಾಂಕ್ ಬೆಲ್ಟನ್ನು ಎಳೆಯುತ್ತದೆ. ಬಲಸುತ್ತು ತಿರುಗುವ ಎಂಜಿನ್‌ನ ಎದುರು ನಿಂತರೆ ನಿಮ್ಮ ಬಲಗಡೆ ಬೆಲ್ಟ್ ಕೆಳಕ್ಕೆ ಬರುತ್ತದೆ, ಅದು ಬಿಗಿ ಬದಿ. ಎಡಗಡೆ ಮೇಲಕ್ಕೆ ಹೋಗುತ್ತದೆ, ಅದು ಜೋಲು ಬದಿ, ಟೆನ್ಷನರ್ ಇರುವುದು ಅಲ್ಲೇ. ಟೆನ್ಷನರ್ ತೆಗೆದುಕೊಳ್ಳಬಲ್ಲದ್ದು ತನ್ನ ಬದಿಯ ಜೋಲನ್ನು ಮಾತ್ರ. ಬಿಗಿ ಬದಿಯಲ್ಲಿ ನೀವು ಜೋಲು ಬಿಟ್ಟರೆ, ಎಂಜಿನ್ ತಿರುಗಿದ ಕೂಡಲೇ ಕ್ರ್ಯಾಂಕ್ ಮೊದಲು ಆ ಜೋಲು ತಿಂದು ಆಮೇಲೆ ಕ್ಯಾಮ್ ಎಳೆಯುತ್ತದೆ. ಅಷ್ಟರಲ್ಲಿ ಕ್ಯಾಮ್ ಹಿಂದೆ ಬಿದ್ದಿರುತ್ತದೆ.

ಬೆಲ್ಟ್ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗಿರಲಿ. ಕ್ರ್ಯಾಂಕ್ ಸ್ಪ್ರಾಕೆಟ್‌ನಿಂದ ಶುರುಮಾಡಿ, ಬಿಗಿ ಬದಿಯ ಐಡ್ಲರ್ ಅಥವಾ ವಾಟರ್ ಪಂಪ್ ದಾಟಿ, ಆ ಬದಿಯ ಕ್ಯಾಮ್‌ಗೆ ಏರಿಸಿ, ಅಲ್ಲಿ ಬೆಲ್ಟನ್ನು ಸ್ಪ್ರಾಕೆಟ್‌ಗೆ ಸೇರಿಸಿ ಕಾಗದದ ಕ್ಲಿಪ್ ಹಾಕಿ. ಈಗ ಬಿಗಿ ಬದಿಯನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಒಂದಿಷ್ಟೂ ಸಡಿಲ ಇರಬಾರದು. ನಂತರ ಎರಡನೇ ಕ್ಯಾಮ್, ಎರಡು ಕ್ಯಾಮ್‌ಗಳ ನಡುವೆಯೂ ಬಿಗಿ, ಮತ್ತೊಂದು ಕ್ಲಿಪ್. ಕೊನೆಗೆ ಟೆನ್ಷನರ್. ಉಳಿದ ಜೋಲೆಲ್ಲ ಈಗ ಅಲ್ಲಿ ಬಂದು ಸೇರಿರುತ್ತದೆ.

ಬಿಗಿ ಬದಿಯಲ್ಲಿ ಬೆಲ್ಟ್ ಹಲ್ಲು ಸ್ಪ್ರಾಕೆಟ್‌ನ ಸಂದಿಗೆ ಕೂರದೆ ಅರ್ಧದಲ್ಲಿ ನಿಂತರೆ ಏನು ಮಾಡಬೇಕು? ಕ್ಯಾಮನ್ನು ಬಿಗಿ ಬದಿಯ ಕಡೆಗೆ, ಅಂದರೆ ತಿರುಗುವ ದಿಕ್ಕಿಗೆ, ಅರ್ಧ ಹಲ್ಲಿನಷ್ಟು ಮುಂದೆ ಹಿಡಿದು ಬೆಲ್ಟ್ ಕೂರಿಸಿ, ಆಮೇಲೆ ಹಿಂದಕ್ಕೆ ಬಿಡಿ. ಬೆಲ್ಟ್ ತಾನಾಗಿ ಬಿಗಿಯಾಗಿ ಗುರುತೂ ಜಾಗಕ್ಕೆ ಬರುತ್ತದೆ. ಬೆಲ್ಟನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಬೇಡಿ, ಮಡಚಬೇಡಿ, ಒಳಗಿನದು ಹೊರಗೆ ಮಾಡಿ ತಿರುಚಬೇಡಿ. ಒಳಗಿನ ನಾರು ಮುರಿದದ್ದು ಹೊರಗೆ ಕಾಣುವುದಿಲ್ಲ. ಕ್ರ್ಯಾಂಕ್ ಸ್ಪ್ರಾಕೆಟ್ ಮುಂದಿನ ಗೈಡ್ ವಾಷರ್ ಇದ್ದರೆ ಬಟ್ಟಲಿನಂತೆ ಬಾಗಿದ ಬದಿ ಹೊರಕ್ಕಿರಲಿ. ತಿರುಗಾಮುರುಗಾ ಹಾಕಿದರೆ ಅದರ ಅಂಚು ಬೆಲ್ಟನ್ನು ಗರಗಸದಂತೆ ಕೊಯ್ಯುತ್ತದೆ.

ಟೆನ್ಷನರ್ ಬಗೆಗಳು ಮೂರು. ಸ್ಪ್ರಿಂಗ್‌ನದಾದರೆ ಬೋಲ್ಟ್ ಸಡಿಲಿಸಿ ಸ್ಪ್ರಿಂಗ್ ಎಳೆಯಲು ಬಿಟ್ಟು, ಕೈಪಿಡಿ ಹೇಳಿದಷ್ಟು ಕ್ರ್ಯಾಂಕ್ ತಿರುಗಿಸಿ, ಆಮೇಲೆ ಬೋಲ್ಟ್ ಬಿಗಿ ಮಾಡುತ್ತೀರಿ. ಸೂಜಿಯಿರುವ ಎಕ್ಸೆಂಟ್ರಿಕ್ ಬಗೆಯದಾದರೆ ಹೇಳಿದ ದಿಕ್ಕಿನಲ್ಲೇ ತಿರುಗಿಸಿ ಸೂಜಿಯನ್ನು ಕಚ್ಚಿಗೆ ತರಬೇಕು. ಉಲ್ಟಾ ದಿಕ್ಕಿನಿಂದ ತಂದರೂ ಸೂಜಿ ಕೂಡಿದಂತೆ ಕಾಣಬಹುದು, ಬಿಗಿ ಮಾತ್ರ ಸುಳ್ಳು. ಹೈಡ್ರಾಲಿಕ್ ಬಗೆಯದನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿದು, ತೀರ ನಿಧಾನವಾಗಿ ಒತ್ತಿ, ತೂತುಗಳು ಎದುರಾದಾಗ ಪಿನ್ ಹಾಕಿ ಕೂರಿಸಿ, ಬೆಲ್ಟ್ ಹಾಕಿದ ಮೇಲೆ ಪಿನ್ ಎಳೆಯುತ್ತೀರಿ. ಉದ್ದ ಬದಿಯಲ್ಲಿ ಬೆಲ್ಟನ್ನು ಎರಡು ಬೆರಳಿನಿಂದ 90 ಡಿಗ್ರಿ ತಿರುಚಿ ನೋಡುವ ಹಳೆಯ ಪದ್ಧತಿ ಸೂಜಿಯೂ ಇಲ್ಲದ, ಹೈಡ್ರಾಲಿಕ್ಕೂ ಅಲ್ಲದ ಎಂಜಿನ್‌ಗೆ ಅಂದಾಜಿಗಷ್ಟೇ ಸರಿ.

ಎರಡು ಸುತ್ತು

ಕ್ಲಿಪ್, ಲಾಕ್, ಪಿನ್ ಎಲ್ಲ ತೆಗೆದಿದ್ದೀರಾ ಎಂದು ಎಣಿಸಿ. ಈಗ ಕ್ರ್ಯಾಂಕನ್ನು ಕೈಯಿಂದ, ಸ್ಟಾರ್ಟರ್‌ನಿಂದ ಅಲ್ಲ, ತಿರುಗುವ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ. ಕಂಪ್ರೆಷನ್ ತಡೆ ರಬ್ಬರ್ ಒತ್ತಿದ ಹಾಗೆ ಇರುತ್ತದೆ, ಒಂದು ಕ್ಷಣ ಹಿಡಿದರೆ ಉಸಿರು ಬಿಟ್ಟು ಸೋಲುತ್ತದೆ. ಪಿಸ್ಟನ್ ವಾಲ್ವಿಗೆ ತಾಗಿದರೆ ಕಲ್ಲಿಗೆ ತಾಗಿದ ಹಾಗೆ ಗಕ್ಕನೆ ನಿಲ್ಲುತ್ತದೆ. ಅಲ್ಲಿಗೆ ಕೈ ಬಿಡಿ. ಇನ್ನೊಂದು ಚೂರು ಬಲ ಹಾಕಿ ನೋಡೋಣ ಎಂಬ ಯೋಚನೆಯೇ ವಾಲ್ವ್ ಬಾಗಿಸುವುದು. ಪ್ಲಗ್ ತೆಗೆದಿರುವುದರಿಂದ ಈ ವ್ಯತ್ಯಾಸ ಇನ್ನೂ ಸ್ಪಷ್ಟ.

ಎರಡು ಸುತ್ತಿನ ಕೊನೆಗೆ ಕ್ರ್ಯಾಂಕ್ ಚುಕ್ಕಿಯನ್ನು ಮೊದಲು ನಿಖರವಾಗಿ ಕೂಡಿಸಿ, ನಂತರವೇ ಕ್ಯಾಮ್ ನೋಡಿ. ಕ್ಯಾಮ್ ಗುರುತು ತಿರುಗುವ ದಿಕ್ಕಿನಲ್ಲಿ ತನ್ನ ಜಾಗಕ್ಕೆ ಇನ್ನೂ ಬಂದಿಲ್ಲ ಎಂದರೆ ಕ್ಯಾಮ್ ಹಿಂದಿದೆ, ದಾಟಿದೆ ಎಂದರೆ ಮುಂದಿದೆ. ಹಿಂದಿದ್ದರೆ ಹೆಚ್ಚಾಗಿ ಕಾರಣ ಬಿಗಿ ಬದಿಯಲ್ಲಿ ಬಿಟ್ಟ ಜೋಲು. ಬೆಲ್ಟ್ ತೆಗೆದು ಮತ್ತೆ ಹಾಕಿ. ಕೂದಲಿನಷ್ಟು ವ್ಯತ್ಯಾಸ ಇದ್ದರೆ ನೋಟದ ಓರೆ ಇರಬಹುದು, ಹೆಡ್ ಅಥವಾ ಬ್ಲಾಕ್ ಮೇಲ್ಮೈ ಕೊರೆದು ಸಮ ಮಾಡಿದ್ದರೂ ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ. ಅನುಮಾನ ಬಂದರೆ ಒಂದು ಹಲ್ಲು ಸರಿಸಿ ಹಾಕಿ ನೋಡಿ: ವ್ಯತ್ಯಾಸ ಕಡಿಮೆಯಾಯಿತೋ, ಇನ್ನೊಂದು ಬದಿಗೆ ದೊಡ್ಡದಾಯಿತೋ? ದೊಡ್ಡದಾದರೆ ಮೊದಲಿನದೇ ಸರಿಯಿತ್ತು.

ಗುರುತು ಕೂಡಿದೆ, ಆದರೂ ಎಂಜಿನ್ ಸರಿಯಿಲ್ಲ ಎಂದರೆ ಕ್ರ್ಯಾಂಕ್ ಸ್ಪ್ರಾಕೆಟ್‌ನ ಕೀ ನೋಡಿ. ಕ್ರ್ಯಾಂಕ್ ಬೋಲ್ಟ್ ಕಡಿಮೆ ಬಿಗಿಯಿದ್ದ ಎಂಜಿನ್‌ಗಳಲ್ಲಿ ಕೀ ಸವೆದು, ಅದು ಕೂರುವ ತೋಡು ಅಗಲವಾಗಿ, ಸ್ಪ್ರಾಕೆಟ್ ಕ್ರ್ಯಾಂಕ್ ಮೇಲೆಯೇ ಅಲ್ಲಾಡುತ್ತಿರುತ್ತದೆ. ಆಗ ಚುಕ್ಕಿ ಹೇಳುವುದೂ ಸುಳ್ಳು.

ಕೀ ಇಲ್ಲದ ಸ್ಪ್ರಾಕೆಟ್, ವಿವಿಟಿ, ಮತ್ತೆ ಕೆಲವು

ಫೋರ್ಡ್ ಡ್ಯುರಾಟೆಕ್, ಮಾಜ್ದಾ ಎಲ್ ಸರಣಿಯಂಥ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್‌ಗೆ ಕೀ ಇಲ್ಲ. ಮಧ್ಯದ ಬೋಲ್ಟಿನ ಒತ್ತಡವೊಂದೇ ಅದನ್ನು ಹಿಡಿದಿರುವುದು. ಅಲ್ಲಿ ಕ್ರ್ಯಾಂಕ್ ಪಿನ್ನಿನಿಂದಲೂ ಕ್ಯಾಮ್ ಲಾಕ್‌ನಿಂದಲೂ ಸ್ಥಾನ ಕಾಯ್ದುಕೊಳ್ಳದೆ ಬೋಲ್ಟ್ ಸಡಿಲಿಸಿದರೆ ಟೈಮಿಂಗ್ ಆಗಲೇ ಹೋಯಿತು. ನಾವು ಮೇಲೆ ಹೇಳಿದ ಮೊದಲೇ ಸಡಿಲಿಸುವ ಮಾತು ಇವಕ್ಕೆ ಸಲ್ಲದು. ಇಂಥವನ್ನು ಬಿಳಿ ಗೆರೆ ನಂಬಿ, ಟೂಲ್ ಇಲ್ಲದೆ ಮುಟ್ಟಬೇಡಿ.

ವಿವಿಟಿ (ಎಂಜಿನ್ ಓಡುವಾಗಲೇ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ) ಇರುವ ಕ್ಯಾಮ್‌ಗಳಲ್ಲಿ ಸ್ಪ್ರಾಕೆಟ್‌ಗೂ ಶಾಫ್ಟ್‌ಗೂ ನಡುವೆ ಎಣ್ಣೆಯ ಒತ್ತಡದಿಂದ ತಿರುಗುವ ಫೇಸರ್ ಇರುತ್ತದೆ. ಎಂಜಿನ್ ನಿಂತಾಗ ಅದು ತನ್ನ ಲಾಕ್ ಸ್ಥಾನದಲ್ಲಿರಬೇಕು. ಇನ್‌ಟೇಕ್‌ನದು ಸಾಮಾನ್ಯವಾಗಿ ಪೂರ್ತಿ ಹಿಂದೆ. ಲಾಕ್ ಬಿಟ್ಟಿದ್ದರೆ ಸ್ಪ್ರಾಕೆಟ್ ಗುರುತು ಕೂಡಿದರೂ ಲೋಬ್ ಬೇರೆಲ್ಲೋ ಇರುತ್ತದೆ. ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ ಆಡುತ್ತಿದೆಯೇ ನೋಡಿ.

ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್ ಇದ್ದರೆ ಅದಕ್ಕೂ ಗುರುತು ಇದೆ. ಮಿತ್ಸುಬಿಷಿ 4ಜಿ63 ಇದಕ್ಕೆ ಹೆಸರುವಾಸಿ: ಆಯಿಲ್ ಪಂಪ್ ಸ್ಪ್ರಾಕೆಟ್‌ನ ಗುರುತು ಕೂಡಿದರೂ ಶಾಫ್ಟ್ ತಲೆಕೆಳಗಾಗಿರಬಹುದು. ಬ್ಲಾಕ್‌ನ ಬದಿಯ ಪ್ಲಗ್ ತೆಗೆದು 8 ಮಿ.ಮೀ. ದಪ್ಪದ ಸ್ಕ್ರೂಡ್ರೈವರ್ ತೂರಿಸಿದರೆ 60 ಮಿ.ಮೀ. ಒಳಗೆ ಹೋಗಬೇಕು. 20–25 ಮಿ.ಮೀ.ಗೇ ತಡೆದರೆ ಸ್ಪ್ರಾಕೆಟ್ಟನ್ನು ಇನ್ನೊಂದು ಸುತ್ತು ತಿರುಗಿಸಬೇಕು. ಇದನ್ನು ಬಿಟ್ಟ ಎಂಜಿನ್ ಓಡುತ್ತದೆ, ಆದರೆ ಇಡೀ ಕಾರು ನಡುಗುತ್ತದೆ.

ಚೈನ್ ಇದ್ದರೆ

ತತ್ವ ಒಂದೇ, ಗುರುತಿನ ರೂಪ ಬೇರೆ. ಚೈನಿನ ಕೆಲವು ಕೊಂಡಿಗಳಿಗೆ ತಾಮ್ರದ, ನೀಲಿಯ ಅಥವಾ ಹಳದಿಯ ಬಣ್ಣ ಇರುತ್ತದೆ. ಅವನ್ನು ಕ್ರ್ಯಾಂಕ್, ಕ್ಯಾಮ್ ಸ್ಪ್ರಾಕೆಟ್‌ಗಳ ಚುಕ್ಕಿಗೆ ಎದುರಾಗಿ ಕೂರಿಸಬೇಕು. ಎರಡು ಸುತ್ತು ತಿರುಗಿಸಿದ ಮೇಲೆ ಬಣ್ಣದ ಕೊಂಡಿಗಳು ಚುಕ್ಕಿಗೆ ಬರುವುದಿಲ್ಲ. ಇದು ತಪ್ಪಲ್ಲ, ಲೆಕ್ಕವೇ ಹಾಗೆ. 146 ಕೊಂಡಿಯ ಚೈನ್, 20 ಹಲ್ಲಿನ ಕ್ರ್ಯಾಂಕ್ ಸ್ಪ್ರಾಕೆಟ್ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೆ ಚೈನ್ ಓಡುವುದು 40 ಕೊಂಡಿ. ಬಣ್ಣದ ಕೊಂಡಿಗಳೂ ಕ್ರ್ಯಾಂಕ್, ಕ್ಯಾಮ್‌ಗಳ ಎಲ್ಲ ಚುಕ್ಕಿಗಳೂ ಮತ್ತೆ ಒಟ್ಟಿಗೆ ಕೂಡಲು ಕ್ರ್ಯಾಂಕ್ 146 ಸುತ್ತು ಹೋಗಬೇಕು. ತಿರುಗಿಸಿದ ಮೇಲೆ ನೋಡಬೇಕಾದದ್ದು ಸ್ಪ್ರಾಕೆಟ್ ಚುಕ್ಕಿ ಮತ್ತು ಕೀ ಕೂರುವ ತೋಡಿನ ಸ್ಥಾನವನ್ನು, ಬೇಕಾದರೆ ಎರಡು ಕ್ಯಾಮ್ ಚುಕ್ಕಿಗಳ ನಡುವಿನ ಪಿನ್‌ಗಳ ಎಣಿಕೆಯನ್ನು.

ದಂಡದ ಮೂಲಕ ವಾಲ್ವ್ ಒತ್ತುವ ಹಳೆಯ ವಿ8 ಎಂಜಿನ್‌ಗಳಲ್ಲಿ ಚುಕ್ಕಿಗೆ ಚುಕ್ಕಿ ಎದುರಾಗಿಸಿ ಚೈನ್ ಹಾಕುತ್ತಾರೆ. ಷೆವ್ರೊಲೆ ಸ್ಮಾಲ್ ಬ್ಲಾಕ್‌ನಲ್ಲಿ ಹಾಗೆ ಎದುರಾದಾಗ ಉರಿಯಲು ತಯಾರಿರುವುದು 6ನೇ ಸಿಲಿಂಡರ್, 1ನೆಯದಲ್ಲ. ಅಲ್ಲೇ ಡಿಸ್ಟ್ರಿಬ್ಯೂಟರನ್ನು 1ಕ್ಕೆ ತೋರಿಸಿ ಕೂರಿಸಿ ಎಂಜಿನ್ ಸ್ಟಾರ್ಟ್ ಆಗದೆ ಬೆವರಿದವರಿಗೆ ಲೆಕ್ಕವಿಲ್ಲ.

ಸ್ಟಾರ್ಟ್ ಮಾಡಿದ ಮೇಲೆ

ಎಲ್ಲ ಜೋಡಿಸಿ ಕ್ರ್ಯಾಂಕ್ ಬೋಲ್ಟಿಗೆ ಹೇಳಿದ ಟಾರ್ಕ್ ಕೊಟ್ಟು, ಕವರ್ ಮುಚ್ಚಿ ಸ್ಟಾರ್ಟ್ ಮಾಡಿ. ಚೈನ್ ಎಂಜಿನ್ ಎಣ್ಣೆ ಒತ್ತಡ ಏರುವವರೆಗೆ ಕೆಲವು ಸೆಕೆಂಡ್ ಗಡಗಡ ಎಂದರೆ ತೊಂದರೆಯಿಲ್ಲ. ಬೆಲ್ಟ್ ಎಂಜಿನ್ ಕುಂಯ್ ಎಂದು ವೇಗಕ್ಕೆ ತಕ್ಕಂತೆ ಕೂಗಿದರೆ ಬೆಲ್ಟ್ ಅತಿ ಬಿಗಿ, ಕವರಿಗೆ ಪಟಪಟ ಬಡಿದರೆ ಸಡಿಲ. ಎರಡಕ್ಕೂ ಆಫ್ ಮಾಡಿ ಮತ್ತೆ ಬಿಚ್ಚಬೇಕು.

ಸ್ಕ್ಯಾನರ್‌ನಲ್ಲಿ ಪಿ0016 ಅಥವಾ ಪಿ0017 ಎಂಬ ದೋಷದ ಕೋಡ್ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಲೆಕ್ಕ ಕೂಡುತ್ತಿಲ್ಲ ಎಂದರ್ಥ. ಸೆನ್ಸರ್ ಬದಲಿಸುವ ಮುಂಚೆ ಮೇಲಿನ ಕವರ್ ತೆಗೆದು ಗುರುತು ನೋಡಿ. ಸೆನ್ಸರಿಗಿಂತ ಹೆಚ್ಚಾಗಿ ಹಲ್ಲೇ ತಪ್ಪಿರುತ್ತದೆ. ಕೋಡ್ ಇಲ್ಲದ ಹಳೆಯ ಎಂಜಿನ್ ಆದರೆ ಕಂಪ್ರೆಷನ್ ಗೇಜ್ ಹಾಕಿ: ಒಂದು ಸಿಲಿಂಡರ್ ಮಾತ್ರ ಕಡಿಮೆ ಎಂದರೆ ಅಲ್ಲಿನ ವಾಲ್ವ್ ಅಥವಾ ರಿಂಗ್, ಎಲ್ಲವೂ ಒಂದೇ ಸಮ ಕಡಿಮೆ ಎಂದರೆ ಕ್ಯಾಮ್ ಹಿಂದೆ ಬಿದ್ದಿರಬಹುದು. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿದರೆ ಇದೇ ತಪ್ಪು ಮುಳ್ಳು ಅಲುಗದೆ, ಆದರೆ ಇರಬೇಕಾದ್ದಕ್ಕಿಂತ ಕೆಳಗೆ ನಿಂತಂತೆ ಕಾಣುತ್ತದೆ.

ಕೆಲವು ಕಾರುಗಳಲ್ಲಿ ಬೆಲ್ಟ್ ಅಥವಾ ಚೈನ್ ಬದಲಿಸಿದ ಮೇಲೆ ಸ್ಕ್ಯಾನರ್‌ನಿಂದ ಕ್ಯಾಮ್–ಕ್ರ್ಯಾಂಕ್ ಹೊಂದಾಣಿಕೆಯನ್ನು ಮತ್ತೆ ಕಲಿಸಬೇಕಾಗುತ್ತದೆ, ಅದನ್ನೂ ಮುಗಿಸಿ. ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್ ಎರಡನ್ನೂ ಪೇಂಟ್ ಮಾರ್ಕರ್‌ನಿಂದ ಮೇಲಿನ ಕವರಿನ ಮೇಲೆ, ಬಾನೆಟ್ ತೆರೆದ ಕೂಡಲೇ ಕಾಣುವಂತೆ ಬರೆಯಿರಿ.